ಪಲ್ಪರ್ ಮನೆಯ ಕೆಳಗಿನ ನೀರು

ಮೊನ್ನೆ ಆಲ್ದೂರು ದಾಟುವಾಗ ಬಸ್ಸಿನ ಕಿಟಕಿಯಿಂದ ಪಲ್ಪರ್ ನೀರಿನ ವಾಸನೆ ಬಂತು. ಕಾಫಿ ಹಣ್ಣಿನ ಸಿಪ್ಪೆ ಕೊಳೆತು ಹುಳಿಯಾದ ನಾತ. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇಳಿಯುವ ಊರು ಇನ್ನೂ ದೂರವಿದ್ದರೂ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ…

ತೊಂಬತ್ತರ ದಶಕದ ಕೊನೆಯಲ್ಲಿ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ನಾನು ರೈಟರಾಗಿದ್ದೆ. ಆಳುಗಳ ಹಾಜರಿ ಬರೆಯುವುದು, ಸಾಹುಕಾರರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ನನ್ನ ಕೆಲಸ. ಎರಡನೆಯದರಲ್ಲಿ ಚೆನ್ನಾಗಿ ಪಳಗಿದ್ದೆ. ಕೊಯ್ಲಿನ ಕಾಲದಲ್ಲಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಿಂದ ಕಪ್ಪು ನೀರು ನೇರವಾಗಿ ಹಳ್ಳಕ್ಕೆ ಬೀಳುತ್ತಿತ್ತು. ಅದರ ಕೆಳಗೇ ಆಳುಗಳ ಲೈನ್ ಮನೆಗಳು. ಕುಡಿಯಲು ಅವರಿಗೆ ಆ ಹಳ್ಳ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಲೈನಿನ ಮೊದಲ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಣ್ಣು ಕೊಯ್ಯುತ್ತಲೇ ಮೇಸ್ತ್ರಿಯನ್ನು ಗೋಳು ಹೊಯ್ದುಕೊಳ್ಳುವ ಹೆಂಗಸು. ಆ ವರ್ಷ ಅವಳ ಚಿಕ್ಕ ಮಗಳಿಗೆ ವಾಂತಿಭೇದಿ ನಿಲ್ಲಲೇ ಇಲ್ಲ. ಒಂದು ಭಾನುವಾರ ಬಂದು ನನ್ನ ಮುಂದೆ ಕೂತಳು.

"ರೈಟ್ರೇ, ಸರ್ಕಾರಕ್ಕೆ ಒಂದ್ ಅರ್ಜಿ ಬರ್ಕೊಡಿ. ನಮ್ ನೀರು ನಮಗೆ ಬಿಡ್ಲಿ ಅಂತ. ದಯವಿಟ್ಟು, ಗಿಯವಿಟ್ಟು ಅಂತೆಲ್ಲ ಬರೀಬೇಡಿ ಮತ್ತೆ."

ಬರೆದೆ. ಅಕ್ಕ ಹೆಬ್ಬೆಟ್ಟು ಒತ್ತಿದಳು. ಎರಡು ದಿನ ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಕೆಲವು ವಾರಗಳಲ್ಲಿ ನೀರು ಪರೀಕ್ಷೆಗೆ ಅಧಿಕಾರಿ ಬಂದರು. ಕೈಯಲ್ಲಿ ಅದೇ ಅರ್ಜಿ, ಪಕ್ಕದಲ್ಲಿ ಸಾಹುಕಾರರು. ದಿನಾ ಹಾಜರಿ ಪುಸ್ತಕ ನೋಡುವ ಅವರು ಒಮ್ಮೆ ಅದನ್ನು ಇಸಿದುಕೊಂಡು ನೋಡಿದರೆ ನನ್ನ ಅಕ್ಷರ ಗೊತ್ತಾಗದೇ ಇರುತ್ತದೆಯೇ?

"ಇವ್ರು ಎಲ್ಲಿಂದ ನೀರ್ ತರ್ತಾರ್ರೀ?" ಎಂದು ಅಧಿಕಾರಿ ನನ್ನನ್ನೇ ಕೇಳಿದರು.

ನಾನು ಅವರನ್ನು ಪಲ್ಪರ್ ಮನೆಯಿಂದ ಮೇಲಕ್ಕೆ, ಆಳುಗಳನ್ನು ಬಿಡದ ಬೇಲಿಯಾಚೆ ತಿಳಿನೀರು ಹರಿಯುವ ಕಡೆಗೆ ಕರೆದೊಯ್ದೆ. ಬಾಟಲಿ ತುಂಬಿಸಿಕೊಂಡರು. ಹಿಂದೆಯೇ ಓಡಿಬಂದ ಅಕ್ಕ, "ಇಲ್ಲಲ್ಲ ಸಾಮಿ, ಕೆಳಗೆ" ಎಂದಳು. ಅಧಿಕಾರಿ ನನ್ನ ಮುಖ ನೋಡಿದರು. ನಾನು ಬಾಟಲಿ ತೆಗೆದುಕೊಂಡು ಮುಚ್ಚಳ ಬಿಗಿ ಮಾಡಿಕೊಟ್ಟೆ.

"ಯಾರೇ ಇದ್ನ ಬರ್ಕೊಟ್ಟಿದ್ದು?" ಸಾಹುಕಾರರು ಅಕ್ಕನನ್ನು ಗದರಿದರು.

ಅವಳು ಒಂದು ಗಳಿಗೆ ನನ್ನತ್ತ ತಿರುಗಿದಳು… "ಕೊಟ್ಟಿಗೆಹಾರದ ಬಸ್ ಸ್ಟ್ಯಾಂಡಲ್ಲಿ ಯಾರೋ ಸಿಕ್ಕಿದ್ರು. ಹೆಸ್ರು ಗೊತ್ತಿಲ್ಲ."

ಅಧಿಕಾರಿ ಅರ್ಜಿಯನ್ನು ಸಾಹುಕಾರರ ಕೈಗೆ ಕೊಡದೆ ಮಡಚಿ ಫೈಲಿಗೆ ಸೇರಿಸಿದರು. ನೀರು ಚೆನ್ನಾಗಿದೆ ಎಂದು ಕಾಗದ ಬಂದ ವಾರವೇ ಸಾಹುಕಾರರು ಅಕ್ಕನ ಮನೆ ಖಾಲಿ ಮಾಡಿಸಿದರು. ಅವಳ ಪಾತ್ರೆ ಪಗಡ ಜೀಪಿಗೆ ಏರುವಾಗ ನಾನು ಆಫೀಸಿನಿಂದ ಹೊರಗೇ ಬರಲಿಲ್ಲ. ಅದನ್ನು ಹೇಡಿತನ ಅನ್ನದೆ ಇನ್ನೇನು ಅನ್ನಲಿ?

ಮೊನ್ನೆ ಬಸ್ಸಿಳಿದವನು ಸುಮ್ಮನಿರಲಾಗದೆ ಹಳೆಯ ಮೇಸ್ತ್ರಿಯನ್ನು ವಿಚಾರಿಸಿ, ಕಳಸದ ಹತ್ತಿರವಿರುವ ಆ ಚಿಕ್ಕ ಮಗಳ ಮನೆ ಹುಡುಕಿಕೊಂಡು ಹೋದೆ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಕ್ಷಮೆ ಕೇಳಬೇಕೆಂದು ಹೋದವನು ಯಾರನ್ನು ಕೇಳಲಿ?

ಮಗಳು ಕುರ್ಚಿ ಹಾಕಿದಳು. "ನೀವೇ ಅಲ್ವಾ ಅರ್ಜಿ ಬರ್ಕೊಟ್ಟ ರೈಟ್ರು? ಅವ್ವ ಕಡೇವರ್ಗೂ ಹೇಳ್ತಿದ್ಲು, ಆ ಎಸ್ಟೇಟಲ್ಲಿ ನಮ್ ಕಡೆ ಇದ್ದೋರು ಅವ್ರೊಬ್ರೇ ಅಂತ."

ಅಲ್ಲಮ್ಮ ಎನ್ನಬೇಕಿತ್ತು. ಹೂಂ ಎಂದೆ.