ಕೇಳುವವರೆಗೆ ಕಲಿಸಬಾರದು

ನಿಮಗೊಂದು ಗುಟ್ಟು ಹೇಳುತ್ತೇನೆ. ಶಾಲೆಯ ಉಪಾಧ್ಯಾಯಿನಿಯಾಗಿ ಸೇರಿದ ನಾನು ಹನ್ನೊಂದು ದಿನ ಯಾರಿಗೂ ಏನನ್ನೂ ಕಲಿಸಲಿಲ್ಲ. ಲೆಕ್ಕ ತಪ್ಪಿರಲಾರದು. ನನ್ನ ದಿನಚರಿಯಲ್ಲಿ ‘ಇಂದು ಪಾಠ ಕೇಳಿದವರು’ ಎಂಬ ಅಂಕಣದ ಕೆಳಗೆ ಹನ್ನೊಂದು ಸೊನ್ನೆಗಳಿವೆ. ಸುಮ್ಮನೆ ನೋಡಿದರೆ ಮಣಿಸರದಂತೆ ಚೆನ್ನಾಗಿಯೇ ಕಾಣುತ್ತವೆ.

ಹಲಸೂರು ಕೆರೆಯ ಹತ್ತಿರದ ಹಳೇ ಬಂಗಲೆಯೊಂದರಲ್ಲಿ ನಮ್ಮ ಶಾಲೆ. ಮಕ್ಕಳು ಇಪ್ಪತ್ತಮೂರು. ಏನು ಕಲಿಯಬೇಕು, ಯಾವಾಗ ಕಲಿಯಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಮಗು ತಾನಾಗಿ ಕೇಳುವವರೆಗೆ ಕಲಿಸಬಾರದೆಂದು ಹಿರಿಯ ಮೇಷ್ಟ್ರ ಕಟ್ಟಪ್ಪಣೆ. ಹಿಂದಿನ ಕಾಲದ ಗುರುಗಳು ಶಿಷ್ಯನನ್ನು ಮೊದಲು ದನ ಕಾಯಲು ಕಳಿಸುತ್ತಿದ್ದರಂತೆ. ಪ್ರಶ್ನೆ ಹಣ್ಣಾದ ಮೇಲೆ ತಾನೇ ಬರುತ್ತಾನೆ ಎಂದು. ಅಷ್ಟು ದಿನ ಆ ಗುರುಗಳು ಏನು ಮಾಡುತ್ತಿದ್ದರೋ ತಿಳಿಯದು. ನಾನಂತೂ ಜಗಲಿಯಲ್ಲಿ ಕುಳಿತು ಸೀಮೆಸುಣ್ಣದ ಕಡ್ಡಿಗಳನ್ನು ಎಣಿಸುತ್ತಿದ್ದೆ.

ಬೆನ್ಸನ್ ಟೌನಿನ ಇನ್ನೊಂದು ಶಾಲೆಯವರು ಕೆಲಸ ಕೊಡುವುದಾಗಿ ಬರೆದಿದ್ದರು. ಶನಿವಾರದೊಳಗೆ ಉತ್ತರಿಸಬೇಕಿತ್ತು. ಅಷ್ಟರಲ್ಲಿ ಒಂದು ಮಗುವಾದರೂ ನನ್ನನ್ನು ಕೇಳದಿದ್ದರೆ ಹೊರಟುಬಿಡುವುದೆಂದು ನಿಶ್ಚಯಿಸಿದ್ದೆ.

ಕಾದು ಕುಳಿತವರಿಗೆ ಮಧ್ಯಾಹ್ನ ಬಲು ಉದ್ದ. ಕೆರೆಯ ಗಾಳಿ ಬೀಸುತ್ತದೆ, ಯುದ್ಧಕ್ಕೆ ಹೊರಟ ದಂಡಿನ ಲಾರಿಗಳ ಸದ್ದು ದೂರದಲ್ಲೆಲ್ಲೋ ಕರಗುತ್ತದೆ, ಕಣ್ಣು ತೆರೆದಿದ್ದಂತೆಯೇ ಕನಸು ಬೀಳುತ್ತದೆ. ಕನಸಿನಲ್ಲೂ ನಾನು ಮಗ್ಗಿ ಹೇಳಿಸುತ್ತಿರುತ್ತೇನೆ.

ಶನಿವಾರದ ಸಭೆಯಲ್ಲಿ ಎಲ್ಲರಿಗೂ ಒಂದೊಂದು ಮತ. ಮಕ್ಕಳಿಗೂ ಮೇಷ್ಟ್ರಿಗೂ ಅಡುಗೆಯ ಮುನಿಯಮ್ಮನಿಗೂ. ದಿನಕ್ಕೊಂದು ಗಂಟೆ ಎಲ್ಲರಿಗೂ ಲೆಕ್ಕದ ಪಾಠ ಇರಲಿ ಎಂದೆ. ಮೇಲೆದ್ದ ಕೈ ಒಂದೇ, ನನ್ನದು.

“ನೀವಾದ್ರೂ ಎತ್ತಬಾರದಿತ್ತಾ, ಮುನಿಯಮ್ಮ?”

“ಕೈಯೆಲ್ಲಾ ಹಿಟ್ಟಾಗಿತ್ತು ಕಣಮ್ಮಾ.”

ಒಪ್ಪಿಗೆಯ ಕಾಗದ ಬರೆಯೋಣವೆಂದು ಹೊರಗೆ ಬಂದೆ. ಫ್ರೇಜರ್ ಟೌನಿನ ಪಾತ್ರೆ ವ್ಯಾಪಾರಿಯ ಮಗಳು, ಎಂಟು ವರ್ಷದ ನೂರ್‌ಜಹಾನ್, ಆಗಲೇ ಓಡಿಬಂದು ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು. ನನ್ನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ದಿನವೂ ‘ಏನೂ ಮಾಡಲಿಲ್ಲ’ ಎಂದಿದೆ.

“ದಿನಾ ಮೇಲೆ ಏನೇ ನೋಡ್ತಿರ್ತೀಯ?” ಎಂದೆ. ಉತ್ತರ ಗೊತ್ತಿಲ್ಲದೆ ನಾನು ಮಗುವೊಂದನ್ನು ಕೇಳಿದ ಮೊದಲ ಪ್ರಶ್ನೆ ಬಹುಶಃ ಅದೇ.

“ಹದ್ದು, ಅಕ್ಕಾ. ರೆಕ್ಕೆ ಆಡಿಸ್ದೇನೇ ಎಷ್ಟು ಹೊತ್ತು ತೇಲತ್ತೆ ಅಂತ ಎಣಿಸ್ತೀನಿ. ನೀವೂ ಮಲ್ಕೊಳ್ಳಿ, ನಿಂತ್ಕೊಂಡು ನೋಡಿದ್ರೆ ಕತ್ತು ನೋಯತ್ತೆ.”

ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ಮಲಗಿದೆ. ಇಷ್ಟೊಂದು ಆಕಾಶ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅವಳು ಎಣಿಸುತ್ತ ಹೋಗಿ ನೂರಕ್ಕೆ ನಿಂತಳು. ಹದ್ದು ಇನ್ನೂ ತೇಲುತ್ತಿತ್ತು. ಅವಳಿಗೆ ಬರುತ್ತಿದ್ದದ್ದು ಅಷ್ಟೇ. ಮುಂದಿನದು ನನ್ನ ನಾಲಿಗೆಯ ತುದಿಗೆ ಬಂತು, ತುಟಿ ಕಚ್ಚಿಕೊಂಡೆ.

“ಯಾವಾಗ್ಲೂ ಹಿಂಗೇ,” ಎಂದು ಅವಳು ಮುಖ ಸಿಂಡರಿಸಿದಳು. “ನನ್ನೆಣಿಕೆ ಮುಗಿಯತ್ತೆ, ಅದು ಮುಗಿಸಲ್ಲ. ನೂರಾದ್ಮೇಲೆ ಏನಕ್ಕಾ?”

“ನೂರ ಒಂದು,” ಎಂದೆ.

ಇಬ್ಬರೂ ಒಟ್ಟಿಗೆ ಎಣಿಸಿದೆವು. ನೂರ ಅರವತ್ತೇಳಕ್ಕೆ ಹದ್ದು ರೆಕ್ಕೆ ಬಡಿಯಿತು, ಪಾಠ ಮುಗಿಯಿತು.

ಬರಲಾರೆನೆಂದು ಆ ಸಂಜೆಯೇ ಬೆನ್ಸನ್ ಟೌನಿಗೆ ಕಾಗದ ಹಾಕಿದೆ. ಕಾರಣ ಬರೆಯಲಿಲ್ಲ. ಗಂಟೆ ಬಾರಿಸಿ ಪಾಠ ನಿಲ್ಲಿಸುವವರಿಗೆ, ರೆಕ್ಕೆ ಬಡಿದಾಗ ಮುಗಿಯುವ ಪಾಠವನ್ನು ಹೇಗೆ ತಿಳಿಸಿ ಹೇಳುವುದು?