ಏಳು ಜನ ಹಾಡಿದ ಹಾಡು

ಭದ್ರಾವತಿಯಲ್ಲಿ ನನಗೆ ಪರಿಚಯವಿದ್ದ ಹಿರಿಯರೊಬ್ಬರ ಕ್ಯಾಸೆಟ್ ಅಂಗಡಿಯಿತ್ತು. ಜನಪ್ರಿಯವಾಗಿದ್ದ ಒಂದು ಭಾವಗೀತೆಯನ್ನು ಯಾರೇ ಕೇಳಲಿ, ಕನ್ನಡಕ ಹಣೆಗೇರಿಸಿ, "ಏಳು ಜನ ಹಾಡಿದಾರೆ, ಯಾರ್ದು ಬೇಕು ಮಾರಾಯ?" ಎನ್ನುತ್ತಿದ್ದರು.

ಆ ಏಳು ಜನರಲ್ಲಿ ಎಲ್ಲರಿಗಿಂತ ಮೊದಲು ಅದನ್ನು ಹಾಡಿದ್ದು ತೀರಿಹೋದ ಅವರ ತಂಗಿ, ಕಾರ್ಖಾನೆಯ ರಾಜ್ಯೋತ್ಸವದಲ್ಲಿ. ಆಗ ಅದನ್ನು ರೆಕಾರ್ಡ್ ಮಾಡಿಕೊಂಡು, ಅದರ ಮೇಲೆ ಬೇರೇನೂ ರೆಕಾರ್ಡ್ ಆಗದಂತೆ ಹಿಂಬದಿಯ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿಟ್ಟಿದ್ದ ಆ ಒಂದೇ ಕ್ಯಾಸೆಟ್ಟನ್ನು, "ಕೇಳಿ ವಾಪಸ್ ಕೊಡು" ಎಂದು ನನ್ನ ಕೈಗಿತ್ತರು.

ಶಿವಮೊಗ್ಗದ ಮನೆಯಲ್ಲಿ ನಾನು, ಹಾಡು ಇನ್ನೊಂದು ಬದಿಯಲ್ಲಿದೆ ಎಂದುಕೊಂಡು, ಮುರಿದ ಜಾಗಕ್ಕೆ ಗಮ್‌ಟೇಪ್ ಅಂಟಿಸಿ ರೇಡಿಯೋದ ಸಿನಿಮಾ ಹಾಡುಗಳನ್ನು ತುಂಬಿಕೊಂಡೆ.

ಹಿಂದಿರುಗಿಸಿದ ದಿನ ಅವರು ಅದನ್ನು ಹಾಕಿ ಕೊನೆಯವರೆಗೂ ಕೇಳಿದರು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಅದೇ ಹಾಡು ಕೇಳಿದ. ಕನ್ನಡಕ ಹಣೆಗೇರಲಿಲ್ಲ.

"ಆರು ಜನ ಹಾಡಿದಾರೆ," ಎಂದರು, "ಯಾರ್ದು ಬೇಕು?"