ಕಣ್ಣಳತೆ ಚಿಕ್ಕಪ್ಪ

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಪದಗಳೂ ಕಡಿಮೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಪ್ಪ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಸ್ಟೂಲಿನ ಮೇಲೆ ಕೂತಿದ್ದಾರೆ. ಕೋಟಿನ ಇಸ್ತ್ರಿ ಒಂದು ದಿನವೂ ತಪ್ಪಿಲ್ಲ. ಅವರು ಶ್ರದ್ಧೆಯಿಂದ ಮಾಡಿದ ಕೆಲಸ ಅದೊಂದೇ. ಪರೀಕ್ಷೆಗೆ ರಕ್ತಕ್ಕೆ ಹಾಕುವ ಬಣ್ಣವನ್ನು ಅಳತೆ ನೋಡದೆ ಸುರಿಯುತ್ತಾರೆಂದು ಜೊತೆಯವರು ಅವರಿಗೆ ‘ಕಣ್ಣಳತೆ’ ಎಂದು ಹೆಸರಿಟ್ಟಿದ್ದಾರೆ. ಅದು ಹೊಗಳಿಕೆ ಎಂದು ಚಿಕ್ಕಪ್ಪ ನಂಬಿದ್ದಾರೆ.

ಮನೆಯಲ್ಲಿ ಊಟಕ್ಕೆ ಕೂತರೆ ಪಾಠ ಶುರು. ರಕ್ತದ ಕೋಶಗಳೆಲ್ಲ ಮೂಳೆಯೊಳಗಿನ ಕಾಂಡಕೋಶದ ಸಂತತಿಯಂತೆ. ಕಾಂಡಕೋಶದ ಮೈಮೇಲೆ ಸಿಡಿ ಮೂವತ್ತನಾಲ್ಕು ಎಂಬ ಗುರುತಿರುತ್ತದೆ. ಕೆಂಪು, ಬಿಳಿ ಎಂದು ಕವಲೊಡೆದು ಬೆಳೆದಂತೆ ಅದು ಅಳಿದು ಆಯಾ ಕವಲಿನ ಗುರುತು ಮೂಡುತ್ತದೆ. ಗುರುತಿಗೆ ಅಂಟುವ ಬಣ್ಣ ಹಾಕಿ ಯಂತ್ರದಲ್ಲಿ ಎಣಿಸುತ್ತಾರೆ. ಸತ್ತ ಕೋಶಕ್ಕೆ ಯಾವ ಬಣ್ಣವಾದರೂ ಮೆತ್ತಿಕೊಳ್ಳುತ್ತದೆ. ಅದನ್ನು ಬೇರ್ಪಡಿಸಲು ಇನ್ನೊಂದು ಬಣ್ಣ ಹಾಕಲೇಬೇಕು.

“ಈ ಕಾಂಡಕೋಶ ಯಾವ ಕವಲಿಗೂ ಸೇರ್ದೆ ಸುಮ್ನೆ ಕೂತಿರತ್ತೆ, ಥೇಟ್ ನಿನ್ ಹಾಗೆ,” ಎಂದು ನನ್ನತ್ತ ಬೆರಳು ಮಾಡಿ ನಗುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಅಕ್ಕನಿಗೆ ರಕ್ತದ ಕ್ಯಾನ್ಸರ್. ಬರುವ ಸೋಮವಾರದಿಂದ ಔಷಧಿ ಕೊಟ್ಟು ಅವಳ ಮೂಳೆಮಜ್ಜೆಯನ್ನು ಪೂರ್ತಿ ನಾಶಮಾಡಿ, ಆಮೇಲೆ ನನ್ನ ಕಾಂಡಕೋಶ ಕೊಡುತ್ತಾರೆ. ಅದು ಕಡಿಮೆ ಬಿದ್ದರೆ ಅವಳು ಉಳಿಯುವುದು ಕಷ್ಟ. ಇವತ್ತು ಬೆಳಿಗ್ಗೆ ರಕ್ತದಿಂದ ಕಾಂಡಕೋಶ ತೆಗೆಯುವ ಯಂತ್ರಕ್ಕೆ ತೋಳು ಕೊಟ್ಟು ನಾಲ್ಕು ತಾಸು ಮಲಗಿದ್ದೆ. ಕಾಂಡಕೋಶ ತುಂಬಿದ ಚೀಲ ಎಣಿಕೆಗೆಂದು ಚಿಕ್ಕಪ್ಪನ ಕೈಗೆ ಹೋಯಿತು. ಬೇಕಾದಷ್ಟಿದೆ ಎಂದು ಅವರು ಬರೆದುಕೊಟ್ಟರು.

ನೋಡಿಬರೋಣವೆಂದು ಲ್ಯಾಬಿಗೆ ಹೋದೆ. ಚೀಲ ಇನ್ನೂ ಬಿಸಿಲು ಬೀಳುವ ಕಿಟಕಿಕಟ್ಟೆಯ ಮೇಲಿತ್ತು; ಅದನ್ನು ಅಲ್ಲೇ ಬಿಟ್ಟು ಊಟ ಮುಗಿಸಿ ಬಂದು ಎಣಿಸಿದ್ದರು. ಸತ್ತ ಕೋಶಕ್ಕೆ ಹಾಕುವ ಬಣ್ಣದ ಸೀಸೆಯ ಸೀಲು ಒಡೆದಿರಲಿಲ್ಲ.

“ಚಿಕ್ಕಪ್ಪ, ಇದು ಹಾಕ್ಲಿಲ್ವಾ?”

“ಸತ್ತಿದ್ಯಾವ್ದು ಬದುಕಿದ್ಯಾವ್ದು ಅಂತ ಪರದೆ ನೋಡಿದ್ರೇ ನಂಗೆ ಗೊತ್ತಾಗತ್ತೆ. ಸ್ಕೂಲೇ ಮುಗಿಸ್ದೇ ಇರೋಳು ನೀನು, ನಂಗೆ ಹೇಳ್ಕೊಡ್ತೀಯಾ?”

ಅಕ್ಕನನ್ನು ನೋಡುವ ಡಾಕ್ಟರಮ್ಮನ ಬಾಗಿಲ ಹೊರಗೆ ಅರ್ಧ ಗಂಟೆ ನಿಂತಿದ್ದೆ. ಕೊನೆಗೆ ಒಳಗೆ ಹೋಗಿ ಹೇಳಿಬಿಟ್ಟೆ. ಅವರು ಆ ಬಣ್ಣ ಹಾಕಿಸಿ ಮತ್ತೆ ಎಣಿಸಿದರು. ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು.

ಚಿಕ್ಕಪ್ಪ ಮೊದಲು ಯಂತ್ರವನ್ನು ಬೈದರು, ಆಮೇಲೆ ಬಿಸಿಲನ್ನು. ಅಕ್ಕನ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಾಳೆ ಬೆಳಿಗ್ಗೆ ಎಂಟಕ್ಕೆ ಮತ್ತೆ ತೋಳು ಕೊಡಲು ಹೋಗುತ್ತೇನೆ. ಎಣಿಕೆ ಮುಗಿಯುವವರೆಗೆ ಚೀಲದ ಪಕ್ಕದಿಂದ ಕದಲುವುದಿಲ್ಲ.